ಉಳವಿಯ ದಾರಿಯನ್ನು ಮೊದಲು ತುಳಿದವರು ಯಾರು?



ಪ್ರತಿವರ್ಷ ಭಾರತ ಹುಣ್ಣಿಮೆಗೆ ಧಾರವಾಡ, ಬೆಳಗಾವಿ ಸೀಮೆಗಳಿಂದ ಚಕ್ಕಡಿ ಹೂಡಿಕೊಂಡು ಉಳವಿಗೆ ಹೋಗುವ ಭಕ್ತರಲ್ಲಿ ನೀವೂ ಒಬ್ಬರಾಗಿರಬಹುದು. ಎತ್ತುಗಳ ಕೊರಳ ಗೆಜ್ಜೆಯ ನಾದವನ್ನು ಆಲಿಸುತ್ತ ಆ ಕಾಡಿನೊಳಗೆ ಸಾಗುವಾಗ, ಈ ದಾರಿಯನ್ನು ಮೊದಲು ತುಳಿದವರು ಯಾವ ಸ್ಥಿತಿಯಲ್ಲಿ ತುಳಿದರೆಂಬುದನ್ನು ಎಂದಾದರೂ ಆಲೋಚಿಸಿದ್ದೀರಾ? ಅವರು ಜಾತ್ರೆಗೆ ಬಂದವರಲ್ಲ, ಜೀವ ಉಳಿಸಿಕೊಳ್ಳಲು ಬಂದವರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆತ್ತರು ಹರಿದಾಗ, ಚನ್ನಬಸವಣ್ಣನವರ ನೇತೃತ್ವದಲ್ಲಿ ವಚನಗಳ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿ ಬಂದ ಸೈನ್ಯವನ್ನು ಎದುರಿಸುತ್ತ, ದಾರಿಯುದ್ದಕ್ಕೂ ತಮ್ಮವರನ್ನು ಕಳೆದುಕೊಳ್ಳುತ್ತ ಶರಣರು ಈ ಅರಣ್ಯವನ್ನು ಸೇರಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ನಿರಾಶ್ರಿತರು. ಅಂದು ಹಾದಿಯ ಊರುಗಳವರು ಅವರನ್ನು ತಡೆದು ಬಂದ ದಾರಿಗೇ ಅಟ್ಟಿದ್ದರೆ, ಇಂದು ನಮ್ಮ ಕೈಯಲ್ಲಿ ಆ ವಚನಗಳು ಇರುತ್ತಿದ್ದವೆ?

ಇಂತಹವರ ಮಕ್ಕಳೆಂದು ಹೇಳಿಕೊಳ್ಳುವ ನಮ್ಮ ಬಾಯಿಂದಲೇ ಇಂದು ಎಂತಹ ಮಾತುಗಳು ಹೊರಡುತ್ತಿವೆ! 'ಹೊರಗಿನಿಂದ ಬಂದವರಿಗೆ ಇಲ್ಲೇನು ಹಕ್ಕು? ಇರಗೊಟ್ಟದ್ದೇ ನಮ್ಮ ಉಪಕಾರ' ಎಂದು ವಿದ್ಯಾವಂತರೇ, ಹಣೆಗೆ ವಿಭೂತಿ ಧರಿಸಿದವರೇ ಆಡುತ್ತಿದ್ದಾರೆ. ಈ ಮಾತು ಶರಣಧರ್ಮಕ್ಕೂ ಸಲ್ಲದು, ನಮ್ಮ ಸಂವಿಧಾನಕ್ಕೂ ಸಲ್ಲದು.

ಉಳವಿಯಿರುವ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಮುಂಡಗೋಡವೂ ಇದೆ. 1959ರಲ್ಲಿ ದಲಾಯಿ ಲಾಮಾ ಅವರ ಹಿಂದೆ ಹಿಮಾಲಯವನ್ನು ದಾಟಿಬಂದ ಟಿಬೆಟ್ಟಿನ ಜನರಿಗೆ ಅಂದಿನ ಮೈಸೂರು ರಾಜ್ಯ ಸರಕಾರವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿತು. 1966ರಲ್ಲಿ ಮುಂಡಗೋಡಿನಲ್ಲಿಯೂ ಅವರ ವಸತಿ ಆರಂಭವಾಯಿತು. ಶೀತಪ್ರದೇಶದಿಂದ ಬಂದ ಆ ಜನ ನಮ್ಮ ಬಿಸಿಲನ್ನು ಸಹಿಸಿ, ಕಾಡು ಕಡಿದು ಹೊಲ ಮಾಡಿ, ಗೋವಿನಜೋಳ ಬೆಳೆದರು. ತಾಯ್ನಾಡಿನಲ್ಲಿ ಹಾಳಾದ ತಮ್ಮ ವಿದ್ಯಾಪೀಠಗಳನ್ನು ಇಲ್ಲಿ ಮತ್ತೆ ಕಟ್ಟಿದರು. ಇದು ಕಾಯಕವಲ್ಲದೆ ಮತ್ತೇನು? ಆದರೂ ನಡೆದುದನ್ನು ನೋಡಿರಿ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳೆಂದು ಕಾನೂನು ಸ್ಪಷ್ಟವಾಗಿ ಹೇಳಿದ್ದರೂ, ಇಲ್ಲಿ ಹುಟ್ಟಿದ ಟಿಬೆಟ್ಟಿನ ಮಕ್ಕಳು ಆ ಮಾತನ್ನು ಒಪ್ಪಿಸಲು 2010ರಲ್ಲಿ ದೆಹಲಿಯ, 2013ರಲ್ಲಿ ನಮ್ಮದೇ ರಾಜ್ಯದ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅವರು ಉಪಕಾರವನ್ನು ಬೇಡಿರಲಿಲ್ಲ, ತಮಗೆ ಸಲ್ಲಬೇಕಾದುದನ್ನು ಕೇಳಿದ್ದರು.

'ಹಕ್ಕುಗಳೆಲ್ಲ ಪ್ರಜೆಗಳಿಗೆ ಮಾತ್ರ' ಎನ್ನುವವರು ಸಂವಿಧಾನವನ್ನು ತೆರೆದು ನೋಡಲಿ. ಸಮಾನತೆಯನ್ನು ಹೇಳುವ 14ನೆಯ ವಿಧಿಯಲ್ಲಿ, ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ 21ನೆಯ ವಿಧಿಯಲ್ಲಿ ಇರುವ ಪದ 'ವ್ಯಕ್ತಿ', 'ಪ್ರಜೆ' ಅಲ್ಲ. ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ಮೊಕದ್ದಮೆಯಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಆದರೆ ನಿರಾಶ್ರಿತರಿಗೆ ಸಂಬಂಧಿಸಿದ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ನಮ್ಮ ದೇಶ ಸಹಿ ಹಾಕಿಲ್ಲ. ಆಶ್ರಯ ಬೇಡಿ ಬಂದವರಿಗೆಂದೇ ಒಂದು ಕಾಯಿದೆಯೂ ನಮ್ಮಲ್ಲಿಲ್ಲ. ಹೀಗಿರುವಲ್ಲಿ ಒಬ್ಬನಿಗೆ ಭೂಮಿ, ಇನ್ನೊಬ್ಬನಿಗೆ ಸೆರೆಮನೆ ಎಂಬುದು ಅಧಿಕಾರದಲ್ಲಿ ಇರುವವರ ಮರ್ಜಿಯಾಗಿ ಉಳಿದಿದೆ.

ಟಿಬೆಟ್ಟಿನವರ ವಿಷಯದಲ್ಲಿ ತಲೆದೂಗುವ ನೀವು, ಮ್ಯಾನ್ಮಾರದಿಂದ ಓಡಿಬಂದು ಬೆಂಗಳೂರಿನ ಅಂಚಿನ ಜೋಪಡಿಗಳಲ್ಲಿ ಚಿಂದಿ ಆಯ್ದು ಬದುಕುವ ರೋಹಿಂಗ್ಯರ ಹೆಸರೆತ್ತಿದೊಡನೆ ಮುಖ ತಿರುಗಿಸುವುದೇಕೆ? 2017ರಲ್ಲಿ ಅಲ್ಲಿ ಊರುಗಳೇ ಸುಟ್ಟುಹೋದವು. ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಭಯವು ಮತವನ್ನು ನೋಡಿ ಬರುವುದಿಲ್ಲ. ಆಶ್ರಯವು ಮಾತ್ರ ಮತವನ್ನು ನೋಡಿ ದೊರೆಯಬೇಕೆ? ದೇಶದ ಭದ್ರತೆ ಬೇಡವೇ ಎಂದು ಕೇಳುವಿರಿ. ಖಂಡಿತ ಬೇಕು. ಬಂದವನನ್ನು ವಿಚಾರಿಸಲಿ, ತಪ್ಪಿತಸ್ಥನನ್ನು ದಂಡಿಸಲಿ. ಆದರೆ ಒಬ್ಬನ ತಪ್ಪಿಗೆ ಒಂದು ಜನಾಂಗವನ್ನೇ ದೂರುವುದೂ, ಕೊಲೆಗೆ ಅಂಜಿ ಬಂದವನನ್ನು ಕೊಲೆಗಾರನ ಕೈಗೇ ಮರಳಿ ಒಪ್ಪಿಸುವುದೂ ಭದ್ರತೆಯಲ್ಲ, ಅಧರ್ಮ.

'ನಮ್ಮ ಬಡವರೇ ಇಷ್ಟಿರುವಾಗ ಅನ್ಯರ ಚಿಂತೆಯೇಕೆ?' ಎಂಬುದು ಇನ್ನೊಂದು ಮಾತು. ಹೀಗೆನ್ನುವವರಲ್ಲಿ ಎಷ್ಟು ಜನ ನಮ್ಮ ಬಡವರಿಗಾಗಿ ಒಂದು ತುತ್ತನ್ನು ಎತ್ತಿಟ್ಟಿದ್ದಾರೆ? ಮಠದ ಪ್ರಸಾದ ನಿಲಯದಲ್ಲಿ ಉಂಡು, ಓದಿ, ಇಂದು ಉನ್ನತ ಸ್ಥಾನಗಳಲ್ಲಿ ಇರುವ ಹಳೆಯ ವಿದ್ಯಾರ್ಥಿಗಳೇ, ನೆನಪಿಸಿಕೊಳ್ಳಿರಿ. ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತ ನಿಮ್ಮನ್ನು ಯಾರಾದರೂ ಹಂಗಿಸಿದರೆ? ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಮೇಲು ಕೀಳೆಂಬುದಿಲ್ಲ. ಉಣ್ಣುವವನು ಜಂಗಮ, ನೀಡುವವನು ದಾಸ. ಆಶ್ರಯವು ದಾಸೋಹವಾಗಬೇಕು.

2025ರ ಫೆಬ್ರವರಿಯಲ್ಲಿ ಅಮೆರಿಕವು ಹೊರದೂಡಿದ ನಮ್ಮ ದೇಶದವರನ್ನು ಕೈಕೋಳ ತೊಡಿಸಿ, ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದಾಗ ನಮ್ಮ ರಕ್ತ ಕುದಿಯಿತು. ಕುದಿಯಬೇಕಾದುದೇ. ಕಾಗದಪತ್ರವಿಲ್ಲದವನಿಗೂ ಮಾನವಿದೆಯೆಂದು ಅಂದು ನಾವೆಲ್ಲ ನುಡಿದೆವು. ಆ ನುಡಿ ನಮ್ಮ ಹೊಸ್ತಿಲಿಗೆ ಬಂದವನಿಗೂ ಸಲ್ಲದಿದ್ದರೆ ಅದು ಬರಿಯ ಸ್ವಾರ್ಥ. ನುಡಿಗೆ ನಡೆ ತಪ್ಪಿದವನನ್ನು ಶರಣರು ಭಕ್ತನೆಂದು ಒಪ್ಪಿದವರಲ್ಲ.

ಕಾಶ್ಮೀರದಿಂದ ಬಂದ ಮೋಳಿಗೆಯ ಮಾರಯ್ಯ, ಸೌರಾಷ್ಟ್ರದಿಂದ ಬಂದ ಆದಯ್ಯ, ಆಫ್ಘನ್ ದೇಶದಿಂದ ಬಂದನೆನ್ನುವ ಮರುಳಶಂಕರದೇವ ಇವರನ್ನು ಪರಕೀಯರೆಂದು ತಳ್ಳಿದ್ದರೆ ನಮ್ಮ ಶರಣಸಮೂಹ ಎಷ್ಟು ಬಡವಾಗುತ್ತಿತ್ತು! ಆದ್ದರಿಂದ ಬಂಧುಗಳೇ, ನಿಮ್ಮಲ್ಲಿ ವಕೀಲರಿದ್ದರೆ ಇಂಥವರದೊಂದು ಮೊಕದ್ದಮೆಯನ್ನು ಹಿಡಿಯಿರಿ. ಶಿಕ್ಷಕರಿದ್ದರೆ ಅವರ ಮಗುವನ್ನು ಶಾಲೆಯ ಬಾಗಿಲಿನಿಂದ ಹಿಂದಕ್ಕೆ ಕಳಿಸಬೇಡಿರಿ. ಕೆಲಸಕ್ಕೆ ಇಟ್ಟುಕೊಂಡವರಿದ್ದರೆ ಕೂಲಿಯನ್ನು ಪೂರ್ತಿ ಕೊಡಿರಿ; ಹೇಳಿಕೊಳ್ಳಲು ದಿಕ್ಕಿಲ್ಲದವನೆಂದು ಕಡಿಮೆ ಮಾಡಬೇಡಿರಿ. ಇಷ್ಟೂ ಆಗದಿದ್ದರೆ, ಬರುವ ವರ್ಷ ಉಳವಿಗೆ ಚಕ್ಕಡಿ ಹೂಡುವ ಮುನ್ನ ನಿಂತು ಯೋಚಿಸಿರಿ: ನಾವು ಹೊರಟಿರುವುದು ಓಡಿಬಂದವರ ದಾರಿಯಲ್ಲಿಯೋ, ಅವರನ್ನು ಬೆನ್ನಟ್ಟಿದವರ ದಾರಿಯಲ್ಲಿಯೋ?