ಅಜ್ಜಿ ಸೀನ್ ಫಾರ್ವರ್ಡ್ ಮಾಡ್ಬೇಡ ಗುರು

ಹೋದ ತಿಂಗಳು ಆಫೀಸ್ ಕ್ಯಾಂಟೀನಿನಲ್ಲಿ ಒಂದು ಜಗಳ ಆಯ್ತು. ಜಗಳ ಅಂದ್ರೆ ಕೈ ಕೈ ಮಿಲಾಯಿಸುವಂಥದ್ದೇನಲ್ಲ, ನಾನು ಬಿಸಿಬೇಳೆ ಬಾತನ್ನು ಅರ್ಧಕ್ಕೇ ಬಿಟ್ಟು ಎದ್ದು ಬರುವಷ್ಟು. ಟೀಮಿನ ಹುಡುಗನೊಬ್ಬನಿಗೆ 'ದಿ ಎಕ್ಸ್‌ಪಾನ್ಸ್' ನೋಡು ಅಂತ ನಾನೇ ಹೇಳಿದ್ದೆ. ಅಂತರಿಕ್ಷದ ಕತೆ, ಭೂಮಿಗೂ ಮಂಗಳಕ್ಕೂ ಹಗೆ, ಮಧ್ಯೆ ಕ್ಷುದ್ರಗ್ರಹಗಳಲ್ಲೇ ಹುಟ್ಟಿ ಬೆಳೆದ ಕೂಲಿ ಜನ. ಎರಡೇ ವೀಕೆಂಡಿನಲ್ಲಿ ಮೂರು ಸೀಸನ್ ಮುಗಿಸಿ ಬಂದಿದ್ದ. ಅಷ್ಟು ಬೇಗ ಹೇಗೋ ಅಂದೆ.

"ಆ ಸೀರೆ ಉಟ್ಕೊಂಡಿರೋ ಅಜ್ಜಿ ಬಂದಾಗೆಲ್ಲ ಫಾರ್ವರ್ಡ್ ಮಾಡ್ಬಿಡ್ತೀನಿ ಗುರು. ಬರೀ ಮಾತು. ಫೈಟ್ ಶುರುವಾದ್ಮೇಲೆ ಪ್ಲೇ."

"ಯುದ್ಧ ಯಾಕೆ ಶುರುವಾಯ್ತು ಅಂತ ಗೊತ್ತಾಯ್ತಾ?"

"ಅದ್ಯಾಕೆ ಬೇಕು?"

ಇವನೊಬ್ಬನೇ ಆಗಿದ್ದರೆ ನಾನು ಬಾತ್ ತಿಂದು ಸುಮ್ಮನಾಗ್ತಿದ್ದೆ. ಆದರೆ ಈ ಫಾರ್ವರ್ಡ್ ಬಟನ್ ಇವನ ಕೈಯಲ್ಲಿ ಮಾತ್ರ ಇಲ್ಲ. ಕತೆ ಬರೆಯುವವರು, ದುಡ್ಡು ಹಾಕುವವರು, ವಿಮರ್ಶೆ ಬರೆಯುವವರು, ಸೋಫಾ ಮೇಲೆ ಕೂತು ನೋಡುವ ನಾವು, ಎಲ್ಲರ ಕೈಯಲ್ಲೂ ಒಂದೊಂದು ಇದೆ. ವಯಸ್ಸಾದ ಹೆಂಗಸು ತೆರೆಗೆ ಬಂದಳು ಅಂದರೆ ಅದು ಬಾತ್‌ರೂಮಿಗೆ ಹೋಗಿಬರುವ ಹೊತ್ತು.

ಅವನು ಓಡಿಸಿದ್ದು ಏನನ್ನು ಅಂತ ಮೊದಲು ಹೇಳ್ತೀನಿ. ಆ ಪಾತ್ರದ ಹೆಸರು ಕ್ರಿಸ್‌ಜೆನ್ ಅವಸರಾಲ. ಅವಸರಾಲ ಅನ್ನೋದು ತೆಲುಗರ ಮನೆತನದ ಹೆಸರು. ಕತೆಯಲ್ಲಿ ಇಡೀ ಭೂಮಿಯನ್ನು ವಿಶ್ವಸಂಸ್ಥೆ ಆಳುತ್ತೆ, ಇವಳು ಅದರ ದೊಡ್ಡ ಅಧಿಕಾರಿ. ಆಡಿದವರು ಟೆಹರಾನಿನಲ್ಲಿ ಹುಟ್ಟಿದ ಶೋರೆ ಅಗ್ದಾಶ್ಲೂ. 2015ರಲ್ಲಿ ಧಾರಾವಾಹಿ ಶುರುವಾದಾಗ ಅವರಿಗೆ 63. (ಭಾರತದ ಹೆಸರಿನ ಪಾತ್ರಕ್ಕೆ ಭಾರತದವರು ಸಿಗಲಿಲ್ವಾ ಅನ್ನೋದು ಬೇರೆ ಜಗಳ, ಇನ್ನೊಂದು ದಿನ ಆಡೋಣ.)

ಮೊದಲನೇ ಕಂತಿನಲ್ಲೇ ಅವಳು ಮೊಮ್ಮಗನ ಜೊತೆ ಆಡ್ತಾ ಇರ್ತಾಳೆ. ರೇಷ್ಮೆ, ಒಡವೆ, ಮುದ್ದು ಮಾತು. ಆಹಾ ಎಂಥಾ ಅಜ್ಜಿ ಅಂದುಕೊಳ್ಳುತ್ತೇವೆ. ಅಲ್ಲಿಂದ ಎದ್ದು ಅವಳು ನೇರ ಹೋಗೋದು ಒಬ್ಬ ಕೈದಿಯ ಹತ್ತಿರ. ಅವನು ಕಡಿಮೆ ಗುರುತ್ವದಲ್ಲಿ ಬೆಳೆದವನು, ಭೂಮಿಯ ಸೆಳೆತ ಅವನ ಮೂಳೆಗೆ ತಡೆಯಲ್ಲ. ಅವನನ್ನು ನೇತುಹಾಕಿದ್ದಾರೆ. ಯಾರೂ ಹೊಡೆಯುತ್ತಿಲ್ಲ, ಭೂಮಿಯೇ ಹಿಂಸೆ ಕೊಡುತ್ತಿದೆ. ಅಜ್ಜಿ ಮುಂದೆ ನಿಂತು ಪ್ರಶ್ನೆ ಕೇಳ್ತಾಳೆ, ಅದೇ ಸೀರೆಯಲ್ಲಿ.

ಮೂಲ ಕಾದಂಬರಿಗಳನ್ನು ಬರೆದದ್ದು ಡೇನಿಯಲ್ ಅಬ್ರಹಾಂ ಮತ್ತು ಟೈ ಫ್ರ್ಯಾಂಕ್, ಜೇಮ್ಸ್ ಎಸ್. ಎ. ಕೋರಿ ಅನ್ನೋ ಒಂದೇ ಹೆಸರಿನಲ್ಲಿ. 2011ರ ಮೊದಲ ಪುಸ್ತಕದಲ್ಲಿ ಅವಸರಾಲ ಇಲ್ಲವೇ ಇಲ್ಲ. ಬರೋದು 2012ರ ಎರಡನೇ ಪುಸ್ತಕದಲ್ಲಿ. ಟೀವಿಯವರು ಅವಳನ್ನು ಮೊದಲ ಕಂತಿಗೇ ಎಳೆದು ತಂದರು. ಪುಸ್ತಕದಲ್ಲಿ ಕತೆ ಇಬ್ಬರು ಗಂಡಸರ ಕಣ್ಣಿನಿಂದ ನಡೆಯುತ್ತೆ: ಒಬ್ಬ ಹಡಗಿನಲ್ಲಿ, ಇನ್ನೊಬ್ಬ ಕ್ಷುದ್ರಗ್ರಹದಲ್ಲಿ. ಇಬ್ಬರಿಗೂ ತಮ್ಮ ಮೂಗಿನ ತುದಿಯಾಚೆ ಏನು ನಡೀತಿದೆ ಗೊತ್ತಿಲ್ಲ. ಭೂಮಿ ಏನು ಯೋಚಿಸ್ತಿದೆ, ಮಂಗಳ ಯಾಕೆ ಹೆದರಿದೆ ಅಂತ ನೋಡುವವರಿಗೆ ತಿಳಿಸೋಕೆ ಇನ್ನೊಂದು ಕಣ್ಣು ಬೇಕಿತ್ತು. ಆ ಕೆಲಸ ಇವಳಿಗೆ ಸಿಕ್ಕಿತು.

ಇಲ್ಲಿ ಸಾಮಾನ್ಯವಾಗಿ ಆಗುವ ಅನ್ಯಾಯ ಏನು ಗೊತ್ತಾ? ನಾವು ಬರೆಯೋ ಕೋಡಿನಲ್ಲಿ ಕಾಲ್‌ಬ್ಯಾಕ್ ಅಂತ ಇರುತ್ತಲ್ಲ, ತಾನಾಗಿ ಏನೂ ಮಾಡಲ್ಲ. ಯಾರೋ ಕರೆದಾಗ ಎದ್ದು, ಒಂದು ಉತ್ತರ ಕೊಟ್ಟು, ಮತ್ತೆ ಮಲಗುತ್ತೆ. ಫ್ಯಾಂಟಸಿ, ಸೈ-ಫೈ, ಹಾರರ್, ಯಾವುದನ್ನೇ ತಗೊಳ್ಳಿ, ಬಹುಪಾಲು ಅಜ್ಜಿಯರು ಕಾಲ್‌ಬ್ಯಾಕುಗಳೇ. ಹೀರೋ ಗುಡಿಸಲಿಗೆ ಬರ್ತಾನೆ, ಅಜ್ಜಿ ಹಳೇ ಶಾಪದ ಕತೆ ಹೇಳ್ತಾಳೆ, ಒಂದು ತಾಯಿತ ಕೊಡ್ತಾಳೆ, ಎರಡು ಕಂತಾದ ಮೇಲೆ ಹೀರೋಗೆ ಸಿಟ್ಟು ಬರಲಿ ಅಂತ ಸಾಯ್ತಾಳೆ. ಅವಸರಾಲ ಹಾಗಲ್ಲ. ಅವಳಿಗೂ ವಿಷಯ ಗೊತ್ತಿಲ್ಲ, ಅವಳೂ ಹುಡುಕ್ತಾ ಇದ್ದಾಳೆ. ಮಂಗಳ ದಾಳಿ ಮಾಡಿದ್ದು ನಿಜವಾ ಅಂತ ತಿಳಿಯೋಕೆ ಹಳೇ ಗೆಳೆಯನಾದ ರಾಯಭಾರಿಯನ್ನೇ ದಾಳ ಮಾಡ್ತಾಳೆ. ಉತ್ತರ ಸಿಗುತ್ತೆ. ಅವನ ಕೆಲಸ ಹೋಗುತ್ತೆ, ಅವನು ಪ್ರೀತಿಸಿದ್ದ ಮಂಗಳಕ್ಕೆ ಮತ್ತೆ ಕಾಲಿಡೋ ಹಾಗಿಲ್ಲ. ನಮಗೆ ಮಾಹಿತಿಯೂ ಸಿಕ್ಕಿತು, ಅದಕ್ಕೆ ಅವಳು ತೆತ್ತ ಬೆಲೆಯೂ ಕಂಡಿತು. "ಬರೀ ಮಾತು" ಅಂದನಲ್ಲ ನಮ್ಮ ಹುಡುಗ, ಆ ಮಾತಿನಲ್ಲಿ ಒಬ್ಬ ಮನುಷ್ಯನ ಬದುಕು ಮುಗಿದು ಹೋಗಿದೆ.

ನಾನು ಇದನ್ನು ಎರಡನೇ ಸಲ ನೋಡಿದ್ದು ಅಮ್ಮನ ಜೊತೆ. ಅಮ್ಮ ಊರಿಂದ ಬಂದಿದ್ದಳು. ಇಂಗ್ಲಿಷ್ ಬರಲ್ಲ, ಸಬ್‌ಟೈಟಲ್ ಓದೋಕಾಗಲ್ಲ. ಸೊಪ್ಪು ಬಿಡಿಸ್ತಾ ಕೂತಿದ್ದವಳು ಮೊಮ್ಮಗನ ಸೀನ್ ಬಂದಾಗ ತಲೆ ಎತ್ತಿದಳು. "ಇವ್ಳು ಮಗು ಜೊತೆ ಆಡ್ತಿರೋವಾಗ್ಲೇ ಏನೋ ಲೆಕ್ಕ ಹಾಕ್ತಾವ್ಳೆ ಕಣೋ," ಅಂದಳು. ನೇತುಹಾಕಿದ್ದ ಕೈದಿ ಕಂಡ. "ಅಯ್ಯೋ ಶಿವ್ನೆ! ಒಳ್ಳೇವಳಲ್ಲ ಇವ್ಳು." ನಾನು ನಿಲ್ಲಿಸಲಾ ಅಂತ ರಿಮೋಟ್ ತಗೊಂಡೆ. "ನಿಲ್ಸು ಅಂದ್ನಾ? ಮುಂದೆ ಹಾಕು."

"ಇದೆಲ್ಲ ಸರಿ ಗುರು, ಆದ್ರೆ ಮುದುಕಿಯರನ್ನ ಯಾರು ನೋಡ್ತಾರೆ? ಮಾರ್ಕೆಟ್ ಇಲ್ಲ," ಇದು ಕ್ಯಾಂಟೀನಿನಲ್ಲಿ ಬಂದ ಎರಡನೇ ವಾದ. ಮಾರ್ಕೆಟ್ ಬಗ್ಗೆ ಮಾತಾಡುವವರು ಸ್ವಲ್ಪ ಮಾರ್ಕೆಟ್ ಚರಿತ್ರೆಯನ್ನೂ ಓದಿಕೊಂಡಿರಬೇಕು. 'ಮರ್ಡರ್, ಶಿ ರೋಟ್' ಅಂತ ಒಂದು ಪತ್ತೇದಾರಿ ಧಾರಾವಾಹಿ. ಅಮೆರಿಕದ ಸಿಬಿಎಸ್ ಚಾನೆಲ್ಲಿನಲ್ಲಿ 1984ರಿಂದ 1996ರವರೆಗೆ 12 ಸೀಸನ್, 264 ಕಂತು. ನಾಯಕಿ ಜೆಸಿಕಾ ಫ್ಲೆಚರ್ ವಿಧವೆ, ರಿಟೈರಾದ ಇಂಗ್ಲಿಷ್ ಟೀಚರ್. ಆಡಿದ ಆಂಜೆಲಾ ಲ್ಯಾನ್ಸ್‌ಬರಿಗೆ ಶುರುವಿನಲ್ಲೇ 58. ಈ ಪಾತ್ರಕ್ಕೆ ಹನ್ನೆರಡು ಸೀಸನ್ನಿಗೂ ಎಮ್ಮಿ ನಾಮನಿರ್ದೇಶನ ಸಿಕ್ಕಿತು, ಒಂದು ಸಲವೂ ಪ್ರಶಸ್ತಿ ಸಿಗಲಿಲ್ಲ. ವರ್ಷಗಟ್ಟಲೆ ಭಾನುವಾರ ರಾತ್ರಿ ಎಂಟಕ್ಕೆ ಗಟ್ಟಿಯಾಗಿ ನಿಂತಿದ್ದ ಅದನ್ನು ಕೊನೆಯ ಸೀಸನ್ನಿನಲ್ಲಿ ಗುರುವಾರಕ್ಕೆ ಎತ್ತಿ 'ಫ್ರೆಂಡ್ಸ್' ಎದುರು ನಿಲ್ಲಿಸಿದರು. ನೋಡುವವರು ಇರಲಿಲ್ಲ ಅಂತಲ್ಲ. ನೋಡುವವರಿಗೂ ವಯಸ್ಸಾಗಿತ್ತು, ಜಾಹೀರಾತಿನವರಿಗೆ ಹುಡುಗರು ಬೇಕಿತ್ತು. ಆಮೇಲೆ ಅದನ್ನೇ ತೋರಿಸಿ "ಮಾರ್ಕೆಟ್ ಇಲ್ಲ" ಅನ್ನೋದು ಯಾವ ನ್ಯಾಯ? ಸರ್ವರ್ ಪ್ಲಗ್ ಕಿತ್ತು, ಲೋಡ್ ತಗೊಳ್ಳಲಿಲ್ಲ ಅಂತ ರಿಪೋರ್ಟ್ ಬರೆದ ಹಾಗೆ.

ಜೆಸಿಕಾಳ ಮುಖ್ಯ ಆಯುಧ ಅಂದರೆ ಯಾರೂ ಅವಳನ್ನು ಲೆಕ್ಕಕ್ಕಿಡದೇ ಇರೋದು. ಅಜ್ಜಿ ತಾನೇ ಅಂತ ಎಲ್ಲರೂ ಅವಳ ಮುಂದೆ ಬಾಯಿ ಬಿಡ್ತಾರೆ. 'ಗೇಮ್ ಆಫ್ ಥ್ರೋನ್ಸ್' ಈ ಉಪಾಯವನ್ನು ನಮ್ಮ ಮೇಲೇ ಪ್ರಯೋಗ ಮಾಡ್ತು. 2014ರ ಆ ಮದುವೆ ಕಂತು ನೆನಪಿದೆಯಲ್ಲ? ಒಲೆನ್ನಾ ಟೈರೆಲ್, ಅಂದರೆ ಡಯಾನಾ ರಿಗ್, ಸಾನ್ಸಾಳ ಹತ್ತಿರ ಬಂದು ಕೂದಲು ಸರಿಮಾಡಿ ಎರಡು ಸಮಾಧಾನದ ಮಾತಾಡ್ತಾಳೆ. ಅಷ್ಟರಲ್ಲಿ ಸಾನ್ಸಾಳ ಸರದಿಂದ ಒಂದು ಹರಳು ಮಾಯ. ಕ್ಯಾಮೆರಾ ಅದನ್ನು ಬಚ್ಚಿಟ್ಟಿಲ್ಲ, ಕಣ್ಣೆದುರೇ ಇದೆ. ನಾವೇ ನೋಡಲಿಲ್ಲ. ರಾಜ ವಿಷ ಕುಡಿದು ನೀಲಿಯಾಗಿ ಬಿದ್ದಾಗ ನಾನು ಅರಮನೆಯ ಗಂಡಸರ ಮೇಲೆಲ್ಲ ಅನುಮಾನಪಟ್ಟೆ. ಅಜ್ಜಿ ಮೇಲೆ ಪಡಲಿಲ್ಲ.

ನಾನು ಅನುಮಾನ ಪಡಬೇಕಿತ್ತು. ಯಾಕಂದ್ರೆ ಇದನ್ನು ನಾನು ಹತ್ತನೇ ವಯಸ್ಸಿನಲ್ಲೇ ನೋಡಿದ್ದೆ.

ನಮ್ಮೂರು ತಿಪಟೂರು ಸೀಮೆ. ತಾತ ಬೇಗ ಹೋದರು, ಅಪ್ಪ ಕೆಲಸದ ಮೇಲೆ ಪರಊರಿನಲ್ಲಿ, ನಾಲ್ಕು ಎಕರೆ ತೆಂಗು ಅಜ್ಜಿಯ ಮೇಲೆ. ಕಾಯಿ ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿ ಕೊಬ್ಬರಿ ಆದ ಮೇಲೆ ವ್ಯಾಪಾರಿಗಳು ಮನೆಗೆ ಬರೋರು. ಬಂದವರ ಮೊದಲ ಪ್ರಶ್ನೆ, "ಗಂಡಸ್ರು ಯಾರೂ ಇಲ್ವೇನಮ್ಮಾ?" ಅಜ್ಜಿ ನನ್ನನ್ನು ತೋರಿಸೋಳು. ಅವರು ನಕ್ಕು, "ಏನಪ್ಪಾ ಯಜಮಾನ," ಅಂತ ನನ್ನ ಹತ್ತಿರವೇ ರೇಟು ಮಾತಾಡೋರು, ಚಡ್ಡಿ ಹಾಕಿದ್ದ ನನ್ನ ಹತ್ತಿರ! ಒಂದು ಸಲ ಬಂದಿದ್ದ ಇಬ್ಬರು ಕೈಕಾಲು ತೊಳೆಯೋಕೆ ತೊಟ್ಟಿ ಹತ್ತಿರ ಹೋದವರು, ಅವತ್ತು ತಿಪಟೂರಿನಲ್ಲಿ ಹರಾಜು ಎಲ್ಲಿಗೆ ನಿಂತಿದೆ, ಇಲ್ಲಿ ಎಷ್ಟಕ್ಕೆ ಮುಗಿಸಬಹುದು ಅಂತ ದನಿ ಕೂಡ ಇಳಿಸದೆ ಮಾತಾಡಿಕೊಂಡರು. ಅಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸ್ತಾ ಕೂತಿದ್ದ ಅಜ್ಜಿ ಅವರ ಕಣ್ಣಿಗೆ ಕಲ್ಲುಕಂಬದ ಸಮ. ಅವರು ಬಂದು ಜಗುಲಿ ಮೇಲೆ ಕೂತರು. ಅಜ್ಜಿ ಮೊರ ಪಕ್ಕಕ್ಕಿಟ್ಟು, ಅವರು ತೊಟ್ಟಿ ಹತ್ತಿರ ಆಡಿದ್ದ ಹರಾಜಿನ ರೇಟನ್ನೇ, ಒಂದು ರೂಪಾಯಿ ಹೆಚ್ಚಿಲ್ಲ ಕಡಿಮೆ ಇಲ್ಲ, ಹೇಳಿದಳು. ಆ ಇಬ್ಬರ ಮುಖ ನನಗೆ ಈಗಲೂ ನೆನಪಿದೆ.

ಇಷ್ಟಾದರೂ ನಮ್ಮ ಮನೆಯಲ್ಲಿ ಇವತ್ತಿಗೂ ಅದು "ತಾತ ಕಟ್ಟಿದ ತೋಟ". ನಾನೂ ಫ್ರೆಂಡ್ಸ್ ಹತ್ತಿರ ಹಾಗೇ ಹೇಳ್ಕೊಂಡು ಬಂದಿದ್ದೀನಿ.

ಹಾಗಂತ ಕಾಣದ ಅಜ್ಜಿಯ ಈ ಉಪಾಯಕ್ಕೇ ನಾನು ಪೂರ್ತಿ ಮರುಳಾಗಿಲ್ಲ. ಅದು ನಡೆಯೋದೇ ನಮ್ಮ ಅಸಡ್ಡೆಯ ಮೇಲೆ. ಅದೇ 'ಗೇಮ್ ಆಫ್ ಥ್ರೋನ್ಸ್' 2016ರಲ್ಲಿ, ಆರನೇ ಸೀಸನ್ನಿನ ಮೊದಲ ಕಂತಿನಲ್ಲಿ, ಮೆಲಿಸಾಂಡ್ರೆಯ ಸರ ಬಿಚ್ಚಿಸಿತು. ಸುಂದರಿ ಹೋಗಿ ಕನ್ನಡಿ ಮುಂದೆ ಹಣ್ಣು ಹಣ್ಣು ಮುದುಕಿ ನಿಂತಳು. ಆ ದೃಶ್ಯ ಇಡೀ ಕಂತಿನ ಕೊನೇ ಬೆಚ್ಚು. ಏನನ್ನು ನೋಡಿ ಬೆಚ್ಚಬೇಕಿತ್ತು ನಾವು? ಜೋತುಬಿದ್ದ ಚರ್ಮ ನೋಡಿ. ಗಂಡಸು ಮಾಂತ್ರಿಕನಾದರೆ ಬಿಳಿ ಗಡ್ಡವೇ ಜ್ಞಾನದ ಗುರುತು, ಹೆಂಗಸಾದರೆ ಬಿಳಿ ಕೂದಲೇ ದೆವ್ವ. 'ಅಮೆರಿಕನ್ ಹಾರರ್ ಸ್ಟೋರಿ' ಜೆಸಿಕಾ ಲ್ಯಾಂಗ್, ಕ್ಯಾಥಿ ಬೇಟ್ಸ್ ಅಂಥ ಹಿರಿಯ ನಟಿಯರಿಗೆ ಭರ್ಜರಿ ಪಾತ್ರ ಕೊಟ್ಟಿತು, ಸರಿ. ಆದರೆ ಮಾಟಗಾತಿಯರ ಸೀಸನ್ನಿನಲ್ಲಿ ಲ್ಯಾಂಗ್ ಆಡಿದ ಫಿಯೋನಾಗೆ ಇರೋ ದೊಡ್ಡ ಆಸೆ ಮತ್ತೆ ಹರೆಯದವಳಾಗೋದು. 'ಡಾಕ್ಟರ್ ಹೂ'ಗೆ 2013ರಲ್ಲಿ ಪೀಟರ್ ಕಪಾಲ್ಡಿ ಆಯ್ಕೆಯಾದಾಗ ಅವರಿಗೆ 55. ಅವರ ನಂತರ ಆ ಪಟ್ಟ ಮೊದಲ ಸಲ ಹೆಂಗಸಿಗೆ ಕೊಟ್ಟಾಗ ಜೋಡಿ ವಿಟ್ಟೇಕರ್‌ಗೆ 35. ವಿಟ್ಟೇಕರ್ ಮೇಲೆ ನನಗೆ ಸಿಟ್ಟಿಲ್ಲ. ಸಾವಿರಾರು ವರ್ಷ ಬದುಕುವ ಪಾತ್ರಕ್ಕೂ ಹೆಂಗಸಾದ ತಕ್ಷಣ ವಯಸ್ಸು ಇಳಿದುಬಿಡುತ್ತಲ್ಲ, ಅದರ ಮೇಲೆ.

ನಮ್ಮ ಕನ್ನಡ ಸೀರಿಯಲ್ಲಿನ ಅತ್ತೆಯರಿಗೆ ಇವರಿಗಿಂತ ಜಾಸ್ತಿ ಅಧಿಕಾರ ಇದೆ ಅನ್ನಬಹುದು. ಇದೆ, ಹೊಸ್ತಿಲ ಒಳಗೆ. ಸೊಸೆಯ ಕಾಫಿಗೆ ಏನೋ ಬೆರೆಸೋವರೆಗೆ. ಆಮೇಲೆ ಗುಡುಗು, ಮುಖಕ್ಕೆ ಮೂರು ಸಲ ಝೂಮ್.

ನನಗೆ ಬೇಕಾಗಿರೋದು ಒಳ್ಳೇ ಅಜ್ಜಿಯೂ ಅಲ್ಲ, ಕೆಟ್ಟ ಅಜ್ಜಿಯೂ ಅಲ್ಲ. ತಪ್ಪು ಮಾಡಿ, ಆ ತಪ್ಪಿನ ಜೊತೆ ಮಾರನೇ ದಿನ ಕೆಲಸಕ್ಕೆ ಬರುವವಳು. ಅಂಥವಳು 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ'ದ ಲಾರಾ ರಾಸ್ಲಿನ್. 2003ರಲ್ಲಿ ಆ ಪಾತ್ರಕ್ಕೆ ಬಂದಾಗ ಮೇರಿ ಮೆಕ್‌ಡೊನೆಲ್‌ಗೆ 51. ರಾಸ್ಲಿನ್ ಹಿಂದೆ ಶಾಲಾ ಟೀಚರ್, ಈಗ ಶಿಕ್ಷಣ ಮಂತ್ರಿ, ಅಧ್ಯಕ್ಷ ಪದವಿಯ ಸಾಲಿನಲ್ಲಿ 43ನೆಯವಳು. ಮುಂದಿದ್ದ 42 ಜನ ಒಂದೇ ದಿನ ಸತ್ತರು. ಸ್ತನ ಕ್ಯಾನ್ಸರ್ ಇದೆ ಅಂತ ಡಾಕ್ಟರು ಹೇಳಿದ್ದೂ ಅವತ್ತೇ. ಅಳಿದುಳಿದ ಐವತ್ತು ಸಾವಿರದಷ್ಟು ಜನ, ಒಂದಿಷ್ಟು ಹಡಗು, ಒಂದು ವೈಟ್‌ಬೋರ್ಡ್. ಬದುಕಿರುವವರ ಲೆಕ್ಕ ಆ ಬೋರ್ಡಿನ ಮೇಲೆ. ಜನ ಸತ್ತರೆ ಒರೆಸಿ ಬರೆಯಬೇಕು. ಒಂದು ಮಗು ಹುಟ್ಟಿದಾಗ ಅವಳು ಎದ್ದು ಹೋಗಿ ಒಂದನ್ನು ಕೂಡಿಸ್ತಾಳೆ. ಅಷ್ಟೇ ಸೀನ್. ಬಾಂಬಿಲ್ಲ, ಬಂದೂಕಿಲ್ಲ.

ಅದೇ ಬೋರ್ಡು ಮುಂದೆ ಅವಳನ್ನು ಹಾಳು ಮಾಡುತ್ತೆ. ಲೆಕ್ಕ ಇಳಿಯುತ್ತಲೇ ಇದೆ ಅಂತ, ಜೀವನಪೂರ್ತಿ ತಾನೇ ಹೋರಾಡಿದ್ದ ಗರ್ಭಪಾತದ ಹಕ್ಕನ್ನು ತಾನೇ ಸಹಿ ಹಾಕಿ ನಿಷೇಧಿಸ್ತಾಳೆ. ಆಮೇಲೆ ಚುನಾವಣೆ ಸೋಲೋ ಹಾಗಾದಾಗ ಕಳ್ಳ ಮತಕ್ಕೆ ಒಪ್ಪಿಕೊಳ್ತಾಳೆ. ಟೀಚರಮ್ಮ ಓಟು ಕದೀತಾಳೆ! ಸಿಕ್ಕಿಬಿದ್ದು ಹಿಂದೆ ಸರಿದು ಗದ್ದುಗೆ ಬಿಟ್ಟುಕೊಡ್ತಾಳೆ. ಗೆದ್ದವನು ಜನರನ್ನು ಒಂದು ಹಾಳು ಗ್ರಹದಲ್ಲಿ ಇಳಿಸ್ತಾನೆ, ಶತ್ರು ಬಂದು ಅವರ ಕುತ್ತಿಗೆ ಮೇಲೆ ಕೂರುತ್ತೆ. ಅವಳ ಭಯ ಸರಿಯಾಗಿತ್ತು, ದಾರಿ ತಪ್ಪಾಗಿತ್ತು. ಯಾವುದು ದೊಡ್ಡದು? ಧಾರಾವಾಹಿ ಉತ್ತರ ಕೊಡಲ್ಲ. ಮಧ್ಯೆ ಅವಳ ಕ್ಯಾನ್ಸರನ್ನು ಪವಾಡದಿಂದ ವಾಸಿ ಮಾಡಿದ್ದು ಬರಹಗಾರರ ಸೋಮಾರಿತನ ಅಂತ ನನ್ನ ಅಭಿಪ್ರಾಯ. ಉಳಿದದ್ದಕ್ಕಾಗಿ ಅದನ್ನು ಕ್ಷಮಿಸಿದ್ದೀನಿ.

ಇಪ್ಪತ್ತೈದರ ನಾಯಕನಿಗೆ ಇಂಥ ತಪ್ಪು ಮಾಡಲು ಎಲ್ಲ ಕತೆಯೂ ಜಾಗ ಕೊಡುತ್ತೆ. ಅವನು ಬೆಳೀತಾ ಇದ್ದಾನೆ ಅಂತೀವಿ. ಐವತ್ತು ದಾಟಿದ ಹೆಂಗಸು ಬೆಳೆದು ಮುಗಿದಿದ್ದಾಳೆ ಅಂತ ನಮಗೆ ಯಾರು ಹೇಳಿದ್ದು? ಆಫೀಸಿನಲ್ಲಿ ಹೊಸ ಆ್ಯಪಿನ ಡಿಸೈನ್ ಮೀಟಿಂಗ್ ಆದಾಗೆಲ್ಲ ಒಬ್ಬ ಹೇಳೇ ಹೇಳ್ತಾನೆ: "ನಿಮ್ಮಮ್ಮನಿಗೂ ಅರ್ಥ ಆಗೋ ಹಾಗಿರಬೇಕು." ಎಲ್ಲರೂ ನಗ್ತಾರೆ. ನಾನೂ ನಕ್ಕಿದ್ದೀನಿ.

ಅಮ್ಮ ಊರಿಗೆ ಹೊರಡುವ ಹಿಂದಿನ ರಾತ್ರಿ ಕೇಳಿದೆ, "ತೋಟದಲ್ಲಿ ತಾತ ನೆಟ್ಟ ಸಸಿ ಎಷ್ಟಮ್ಮ?"

"ಅರವತ್ತೋ ಎಪ್ಪತ್ತೋ ಇರಬೇಕು. ಅದ್ರಾಗೆ ಅರ್ಧ ಆ ಬರದಾಗೇ ಒಣಗಿದ್ವು."

"ಈಗ ನೂರಾ ಎಂಬತ್ತು ಮರ ಇದೆಯಲ್ಲ. ಮಿಕ್ಕಿದ್ದು?"

ಅಮ್ಮ ನನ್ನ ಮುಖ ನೋಡಿದಳು, ವ್ಯಾಪಾರಿಗಳು ಅವತ್ತು "ಏನಪ್ಪಾ ಯಜಮಾನ" ಅಂದಿದ್ದರಲ್ಲ, ಹೆಚ್ಚು ಕಡಿಮೆ ಅದೇ ನಗುವಿನಲ್ಲಿ. ಆಮೇಲೆ ಟೀವಿ ಕಡೆ ತಿರುಗಿ, "ಸೀರೆಯವಳದ್ದು ಎಲ್ಲಿಗೆ ನಿಂತಿತ್ತು? ಹಾಕು," ಅಂದಳು.