ಸಂಪಾದಕೀಯ: ತರಗೆಲೆ, ಬೆಂಕಿಗೆರೆ ಮತ್ತು ಬೆನ್ನ ಮೇಲಿನ ಯಂತ್ರ

ಮಾಘ ಕಳೆದು ಫಾಲ್ಗುಣ ಕಾಲಿಡುತ್ತಿದ್ದಂತೆ ಮೇಲುಕೋಟೆ, ನಾರಾಯಣದುರ್ಗ, ಹೇಮಗಿರಿಯ ಸುತ್ತಲಿನ ಗುಡ್ಡಗಳು ಬಣ್ಣ ಬದಲಿಸುತ್ತವೆ. ಹುಲ್ಲು ಒಣಗಿ ಕಡ್ಡಿಯಾಗುತ್ತದೆ. ಮರಗಳು ಇದ್ದ ನೀರನ್ನು ಉಳಿಸಿಕೊಳ್ಳಲು ಎಲೆ ಕಳಚುತ್ತವೆ. ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನಂಥ ಊರುಗಳಲ್ಲಿ ಕಬ್ಬು ಕಡಿದ ಗದ್ದೆಯ ತರಗಿಗೆ ಬೆಂಕಿಯಿಡುವ ರೂಢಿ ಇನ್ನೂ ಅಳಿದಿಲ್ಲ. ಗುಡ್ಡದಂಚಿನಲ್ಲಿ ಬಿದ್ದ ಒಂದು ಬೀಡಿಯ ತುಂಡು, ಗದ್ದೆಯಿಂದ ಹಾರಿದ ಒಂದು ಕಿಡಿ ಸಾಕು.

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಉರಿದು, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಗಿ ಬಂದುದನ್ನು ನಾವು ಮರೆತಿಲ್ಲ. ಇಂದು ಅರಣ್ಯ ಸಿಬ್ಬಂದಿಯ ಬೆನ್ನ ಮೇಲೆ ಎಲೆ ಊದುವ ಪೆಟ್ರೋಲ್ ಯಂತ್ರ, ಅಂದರೆ ಬ್ಲೋವರ್, ಕಾಣಿಸಿಕೊಳ್ಳುತ್ತಿದೆ. ನಮ್ಮ ಊರುಗಳಲ್ಲಿಯೂ ಇದನ್ನು ಕೊಳ್ಳಬೇಕೆ, ಕೊಂಡರೆ ಯಾವುದನ್ನು ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಅದಕ್ಕೂ ಮುಂಚೆ ಕೇಳಬೇಕಾದುದು ಬೇರೆ: ಯಾವ ಕೆಲಸಕ್ಕಾಗಿ?

ಬೆಂಕಿಗೆರೆಯ ಕೆಲಸಕ್ಕೆ ಈ ಯಂತ್ರದ ಉಪಯೋಗ ನಿಜ. ಚಳಿಗಾಲದಲ್ಲಿ ಸವರಿದ ಗೆರೆಯ ಮೇಲೆ ಫೆಬ್ರವರಿ, ಮಾರ್ಚ್‌ನಲ್ಲಿ ಮತ್ತೆ ಮತ್ತೆ ಎಲೆ ಉದುರುತ್ತದೆ. ಅದನ್ನು ಪೊರಕೆಯಿಂದ ಗುಡಿಸಲು ಹಲವರು ದಿನಗಟ್ಟಲೆ ದುಡಿಯಬೇಕು. ಯಂತ್ರ ಹೊತ್ತ ಒಬ್ಬನೇ ಅದನ್ನು ಬೇಗ ಮುಗಿಸಬಲ್ಲ. ಆದರೆ ಬ್ಲೋವರ್ ಹುಲ್ಲನ್ನು ಕತ್ತರಿಸುವುದಿಲ್ಲ, ಲಂಟಾನದ ಬುಡ ಕೀಳುವುದಿಲ್ಲ. ಹುಲ್ಲು ಮತ್ತು ಕುರುಚಲೇ ಹೆಚ್ಚಿರುವ ನಮ್ಮ ಗುಡ್ಡಗಳಲ್ಲಿ ಮೊದಲು ಕುಡುಗೋಲು, ಮಚ್ಚು, ಗುದ್ದಲಿಯ ಕೆಲಸ. ಯಂತ್ರದ ಸರದಿ ಆಮೇಲೆ. ಇದನ್ನರಿಯದೆ ಹಣ ಚೆಲ್ಲಿದರೆ ಯಂತ್ರ ಮೂಲೆ ಸೇರುವುದು ಖಚಿತ.

ಕೊಳ್ಳುವುದೇ ಆದಲ್ಲಿ ನಾಲ್ಕು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ಬಲ. ಮಾರಾಟಗಾರರು ಗಾಳಿಯ ವೇಗವನ್ನು ಹೊಗಳುತ್ತಾರೆ. ಆದರೆ ರಾಶಿ ಎಲೆಯನ್ನು ಸರಿಸಲು ಗಾಳಿಯ ಪ್ರಮಾಣವೂ ಬೇಕು. ಎರಡೂ ಸೇರಿದ ನೂಕುಬಲವನ್ನು ನ್ಯೂಟನ್ ಲೆಕ್ಕದಲ್ಲಿ ಹೇಳುತ್ತಾರೆ. ಹೋಲಿಸಲು ಅದೇ ಸರಿಯಾದ ಅಳತೆ. ಎರಡನೆಯದು ಭಾರ. 50ರಿಂದ 80 ಸಿ.ಸಿ. ಎಂಜಿನಿನ ಯಂತ್ರಗಳು ಇಂಧನವಿಲ್ಲದೆಯೇ ಸುಮಾರು 10 ಕಿಲೋ ತೂಗುತ್ತವೆ. ಅಂಗಡಿಯ ನೆಲದ ಮೇಲಲ್ಲ, ಏರುದಾರಿಯಲ್ಲಿ ಹೊತ್ತು ನೋಡಬೇಕು. ದೊಡ್ಡದೇ ಒಳ್ಳೆಯದೆಂಬ ಭ್ರಮೆ ಬೆನ್ನಿಗೆ ಹಾನಿ.

ಮೂರನೆಯದು ಕಿಡಿ. ಸೈಲೆನ್ಸರಿನಲ್ಲಿ ಕಿಡಿ ತಡೆಯುವ ಜಾಲರಿ ಇಲ್ಲದ ಯಂತ್ರವನ್ನು ಒಣಕಾಡಿನೊಳಗೆ ಒಯ್ಯಲೇಬಾರದು. ಕಾದ ಎಂಜಿನಿಗೆ ತರಗೆಲೆಯ ಮೇಲೆ ನಿಂತು ಪೆಟ್ರೋಲ್ ಸುರಿಯುವುದೂ ಬೆಂಕಿಯನ್ನು ಕರೆದಂತೆ. ಬೆಂಕಿ ಹತ್ತಿದ ಮೇಲೆ ತರಬೇತಿಯಿಲ್ಲದವರು ಇದನ್ನು ಹಿಡಿದು ಹೋದರೆ ಕೆಂಡಗಳೇ ಹಾರಿಯಾವು. ನಾಲ್ಕನೆಯದು ದುರಸ್ತಿ. ಟು-ಸ್ಟ್ರೋಕ್ ಎಂಜಿನಿಗೆ ಪೆಟ್ರೋಲಿನೊಂದಿಗೆ ಎಣ್ಣೆ ಬೆರೆಸಬೇಕು. 50ಕ್ಕೆ 1ರ ಅಳತೆಯಾದರೆ ಲೀಟರಿಗೆ 20 ಮಿ.ಲೀ. ಬರಿಯ ಪೆಟ್ರೋಲ್ ಹಾಕಿದರೆ ಎಂಜಿನ್ ಕಚ್ಚಿಕೊಳ್ಳುತ್ತದೆ. ಬಿಡಿಭಾಗವೂ ಮೆಕ್ಯಾನಿಕ್ಕೂ ಕೆ.ಆರ್. ಪೇಟೆಯಲ್ಲಿಯೋ ಮಂಡ್ಯದಲ್ಲಿಯೋ ಸಿಗದಿದ್ದರೆ ಅಗ್ಗದ ಯಂತ್ರವೇ ದುಬಾರಿಯಾದೀತು.

ಹೊರುವವನ ಕಿವಿಯನ್ನು ಮರೆಯುವಂತಿಲ್ಲ. ಇಂಥ ಯಂತ್ರದ ಸದ್ದು ಹೊತ್ತವನ ಕಿವಿಯ ಬಳಿ 100 ಡೆಸಿಬೆಲ್‌ನ ಆಸುಪಾಸು ಮುಟ್ಟುತ್ತದೆ. 85 ಡೆಸಿಬೆಲ್ ಸದ್ದಿನಲ್ಲಿ ಎಂಟು ಗಂಟೆ ದುಡಿಯಬಹುದೆನ್ನುವ ಆರೋಗ್ಯ ಲೆಕ್ಕಾಚಾರದಲ್ಲಿ, 100 ಡೆಸಿಬೆಲ್‌ಗೆ ಸಿಗುವ ಅವಧಿ ಬರಿಯ ಹದಿನೈದು ನಿಮಿಷ. ಕಿವಿಮುಚ್ಚಳ, ಕನ್ನಡಕ, ಮೂಗುಪಟ್ಟಿಗಳ ಬೆಲೆಯನ್ನು ಯಂತ್ರದ ಬೆಲೆಯೊಳಗೇ ಸೇರಿಸಬೇಕು. ದಿನಗೂಲಿಯ ಬೆಂಕಿ ಕಾವಲುಗಾರನ ಕಿವುಡುತನಕ್ಕೆ ಪರಿಹಾರ ಕೊಡುವವರಾರು?

ಇನ್ನು ಶಾಲೆಯ ಅಂಗಳ, ದೇವಸ್ಥಾನದ ಪ್ರಾಂಗಣ, ತೆಂಗಿನ ತೋಟಗಳಿಗೆ ಈ ಯಂತ್ರ ಬೇಡವೆಂದೇ ನಮ್ಮ ಸ್ಪಷ್ಟ ಅಭಿಪ್ರಾಯ. ವಾಷಿಂಗ್ಟನ್ ನಗರವು 2022ರ ಆರಂಭದಿಂದ ಪೆಟ್ರೋಲ್ ಬ್ಲೋವರುಗಳನ್ನು ನಿಷೇಧಿಸಿದೆ. ಇಂಥ ಯಂತ್ರವೊಂದು ಒಂದು ಗಂಟೆಯಲ್ಲಿ ಉಗುಳುವ ಹೊಂಜು ಉಂಟುಮಾಡುವ ಮಾಲಿನ್ಯ, ಕಾರೊಂದು ಸುಮಾರು 1,100 ಮೈಲಿ ಓಡಿದಾಗಿನಷ್ಟಕ್ಕೆ ಸಮವೆಂದು ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಅಂದಾಜಿಸಿದೆ. ಅವರು ಕೈಬಿಡುತ್ತಿರುವುದನ್ನು ನಾವು ಪ್ರಗತಿಯೆಂದು ಮನೆಗೆ ತರಬೇಕೆ? ಅಂಗಳಕ್ಕೆ ಕಡ್ಡಿ ಪೊರಕೆ ಸಾಕು. ಗುಡಿಸಿದ ಎಲೆಗೆ ತಿಪ್ಪೆಗುಂಡಿ ಇದೆ.

ತರಗೆಲೆ ಕಸವಲ್ಲ. ಅದು ಗೆದ್ದಲು, ಎರೆಹುಳುಗಳ ಆಹಾರ, ಕೌಜುಗದ ಆಸರೆ, ಮೊದಲ ಮಳೆಯ ಹನಿಯನ್ನು ಮಣ್ಣಿಗಿಳಿಸುವ ಹೊದಿಕೆ. ಆದ್ದರಿಂದ ಗೆರೆಯಷ್ಟೇ ಸ್ವಚ್ಛವಾಗಲಿ, ಕಾಡಿನೊಳಗಿನ ಎಲೆ ಕಾಡಿಗೇ ಇರಲಿ.

ಬೇಸಿಗೆಗೆ ಮುನ್ನ ನಡೆಯುವ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿರಿ. ಊರಿಗೊಂದರಂತೆ ಬೇಡ, ಒಂದೇ ಗುಡ್ಡದ ಸುತ್ತಲಿನ ಊರುಗಳು, ಅರಣ್ಯ ಇಲಾಖೆಯೊಡನೆ ಮಾತಾಡಿ, ಒಂದು ಯಂತ್ರವನ್ನು ಹಂಚಿಕೊಂಡರೆ ಸಾಕು. ವಿದ್ಯಾರ್ಥಿ ಮಿತ್ರರು ಒಂದು ಗಂಟೆಗೆ ಪೊರಕೆ ಎಷ್ಟು ಗೆರೆ ಗುಡಿಸಿತು, ಯಂತ್ರ ಎಷ್ಟು, ಪೆಟ್ರೋಲ್ ಎಷ್ಟು ಹೋಯಿತೆಂದು ಅಳೆದು ಬರೆದಿಡಲಿ. ಮುಂದಿನ ವರ್ಷದ ತೀರ್ಮಾನಕ್ಕೆ ಮಾರಾಟಗಾರರ ಮಾತಿಗಿಂತ ಆ ಲೆಕ್ಕ ಹೆಚ್ಚು ನೆರವಾದೀತು. ಗದ್ದೆಯ ತರಗಿಗೆ ಬೆಂಕಿಯಿಡುವ ಕೈ ಮಾತ್ರ ಈ ವರ್ಷವೇ ನಿಲ್ಲಬೇಕು. ಅದಕ್ಕೆ ಯಾವ ಯಂತ್ರವೂ ಬೇಕಿಲ್ಲ.