ಹಾಡುವ ಕೆಲಸ ಸಭೆಯದು

ಕೋಲಾರ ಜಿಲ್ಲೆಯ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಹೋಂಡಾ ಕಾರ್ಖಾನೆ ಶುರುವಾದದ್ದು 2013ರಲ್ಲಿ. ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆಯೂ ಬಂತು. ಹೆದ್ದಾರಿಯ ಆಸುಪಾಸಿನ ಹಳ್ಳಿಗಳಲ್ಲಿ ಹೊರ ಜಿಲ್ಲೆ, ಹೊರ ರಾಜ್ಯಗಳ ಹುಡುಗ ಹುಡುಗಿಯರು ಬಾಡಿಗೆಗಿದ್ದಾರೆ. ಈ ಸೀಮೆ ಅದಕ್ಕೂ ಮೊದಲೇ ಒಂದೇ ಮಾತಿನದಾಗಿರಲಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ತೆಲುಗು, ಕೆಜಿಎಫ್ ಕಡೆಗೆ ಹೋದರೆ ತಮಿಳು, ಶಾಲೆ ಕಚೇರಿಗಳಲ್ಲಿ ಕನ್ನಡ. ಭಾನುವಾರ ಇಲ್ಲಿ ಆರಾಧನೆಗೆ ಕೂಡುವ ಯಾವ ಕ್ರೈಸ್ತ ಸಭೆಯಲ್ಲೂ ಎರಡು ಮೂರು ಭಾಷೆ, ಮೂರು ತಲೆಮಾರು ಒಟ್ಟಿಗೆ ಕುಳಿತಿರುತ್ತವೆ. ಅವರ ಮುಂದೆ ನಿಂತು ಹಾಡು ಎತ್ತಿಕೊಡುವವರ ಹೊಣೆ ಸಣ್ಣದಲ್ಲ. ಈಚಿನ ವರ್ಷಗಳಲ್ಲಿ ಅನೇಕ ಸಭೆಗಳು ಇದಕ್ಕೊಂದು ಸುಲಭದ ಉತ್ತರ ಹುಡುಕಿಕೊಂಡಿವೆ: ಕೀಬೋರ್ಡು, ರಿದಂ ಪ್ಯಾಡು, ಎರಡು ದೊಡ್ಡ ಸ್ಪೀಕರು, ಮೈಕ್ ಹಿಡಿದ ನಾಲ್ಕೈದು ಜನ. ಸದ್ದು ತುಂಬುತ್ತದೆ, ಆದರೆ ಸಭೆ ಬಾಯಿ ಮುಚ್ಚಿ ನಿಂತಿರುತ್ತದೆ. ಇದು ಆರಾಧನೆಯ ಹೃದಯಕ್ಕೇ ಬೀಳುವ ಪೆಟ್ಟು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಡು ಆರಿಸುವವರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಹಾಡನ್ನು ಇಲ್ಲಿ ಕೂತಿರುವ ಜನ ಹಾಡಬಲ್ಲರೇ ಎಂದು. ಹಾಡು ಎಷ್ಟು ಚೆನ್ನಾಗಿದೆ ಎಂಬುದು ಅದಾದ ಮೇಲಿನ ವಿಚಾರ.

ಇದು ನಾನು ಹೊಸದಾಗಿ ಹೇಳುತ್ತಿರುವುದೇನಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 14ನೇ ಅಧ್ಯಾಯದಲ್ಲಿ ಪೌಲ ಆತ್ಮದಿಂದಲೂ ಬುದ್ಧಿಯಿಂದಲೂ ಹಾಡಬೇಕೆಂದು ಹೇಳಿ, ಅರ್ಥವಾಗದೆ ಕೂತ ಸಾಮಾನ್ಯ ಮನುಷ್ಯ ನಿನ್ನ ಸ್ತುತಿಗೆ ಆಮೆನ್ ಹೇಗೆ ಹೇಳಿಯಾನು ಎಂದು ಕೇಳುತ್ತಾನೆ. ಅವನ ಅಳತೆಗೋಲು ಆ ಸಾಮಾನ್ಯ ಮನುಷ್ಯನೇ. ಕ್ರಿ.ಶ. 386ರಲ್ಲಿ ಮಿಲಾನ್ ನಗರದಲ್ಲಿ ಅರಮನೆಯ ಕಡೆಯವರು ದೇವಾಲಯವನ್ನು ವಶಪಡಿಸಿಕೊಳ್ಳಲು ಬಂದಾಗ ಜನ ಒಳಗೇ ಹಗಲಿರುಳು ಕಾವಲು ಕೂತರು. ಅವರು ಎದೆಗುಂದದಿರಲೆಂದು ಬಿಷಪ್ ಆಂಬ್ರೋಸ್ ಹಾಡು ಕಲಿಸಿದ. ಆತ ರಚಿಸಿದ್ದು ಸಾಲಿಗೆ ಎಂಟು ಅಕ್ಷರ, ಪದ್ಯಕ್ಕೆ ನಾಲ್ಕೇ ಸಾಲಿನ ಗೀತೆಗಳು. ಅಷ್ಟು ದೊಡ್ಡ ವಿದ್ವಾಂಸನಿಗೆ ಕಷ್ಟದ ಛಂದಸ್ಸು ಬರುತ್ತಿರಲಿಲ್ಲವೆಂದಲ್ಲ, ಭಯದಲ್ಲಿ ಕೂತ ಜನರ ಬಾಯಿಗೆ ಹತ್ತುವುದು ಯಾವುದೆಂದು ಅವನಿಗೆ ಗೊತ್ತಿತ್ತು. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ಮೆಥಡಿಸ್ಟ್ ಮಿಷನ್ನಿನದೆಂದು ಇಲ್ಲಿಯವರಿಗೆಲ್ಲ ಗೊತ್ತು. ಆ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ 1761ರಲ್ಲಿ ಹಾಡುವವರಿಗೆ ಕೆಲವು ಸೂಚನೆಗಳನ್ನು ಬರೆದಿಟ್ಟ. ಎಲ್ಲರೂ ಹಾಡಿ, ಧೈರ್ಯವಾಗಿ ಹಾಡಿ, ಆದರೆ ಪಕ್ಕದವರ ದನಿ ಮುಳುಗುವಂತೆ ಕಿರುಚಬೇಡಿ, ತಾಳ ತಪ್ಪಿ ಎಳೆಯಬೇಡಿ ಎಂಬುದು ಅವುಗಳ ಸಾರ. ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಆರಾಧನಾ ವಿಧಿಯ ದಸ್ತಾವೇಜು ಕೂಡ ಭಕ್ತರೆಲ್ಲರ ಸಕ್ರಿಯ ಪಾಲ್ಗೊಳ್ಳುವಿಕೆಯನ್ನೇ ಮುಂದಿಟ್ಟಿತು. ರಚನಕಾರರು ದೊಡ್ಡ ಗಾಯಕವೃಂದಕ್ಕಷ್ಟೇ ಬರೆಯದೆ ಸಣ್ಣ ಗುಂಪುಗಳಿಗೂ ಇಡೀ ಸಭೆಗೂ ಬರೆಯಬೇಕೆಂದು ಅದು ಬಿಡಿಸಿ ಹೇಳಿತು. ಬೇರೆ ವಿಷಯಗಳಲ್ಲಿ ಒಬ್ಬರಿಗೊಬ್ಬರು ಒಪ್ಪದ ಪರಂಪರೆಗಳು ಈ ಒಂದು ವಿಷಯದಲ್ಲಿ ಒಂದೇ ಕಡೆ ನಿಂತಿವೆ.

ನಮ್ಮ ನೆಲದಲ್ಲಿ ಇದಕ್ಕೆ ಬೇಕಾದ ಸಾಧನ ಮೊದಲಿನಿಂದಲೂ ಇದೆ. ಅದು ಕೀರ್ತನೆ. ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು (1774–1864) ತಮಿಳಿನಲ್ಲಿ, ಪುರುಷೋತ್ತಮ ಚೌಧರಿ (1803–1890) ತೆಲುಗಿನಲ್ಲಿ ಕ್ರೈಸ್ತ ಭಕ್ತಿಯನ್ನು ಕೀರ್ತನೆಯ ರೂಪದಲ್ಲಿ ಹಾಡಿದರು. ಕನ್ನಡದಲ್ಲಿ ಬಾಸೆಲ್ ಮಿಷನ್ನಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಹೊರತಂದು ಯೇಸುವಿನ ಜೀವನವನ್ನು ಈ ದೇಶದ ಛಂದಸ್ಸಿನಲ್ಲಿ ಕಟ್ಟಿದರು. ಮುಂದೆ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಪ್ರಕಟಿಸಿದವರೂ ಅವರೇ. ಕೀರ್ತನೆಯ ಗುಣವೇನೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಲ್ಲವಿ ಚಿಕ್ಕದು, ಎರಡು ಸಲ ಕೇಳಿದರೆ ಬಾಯಿಗೆ ಬರುತ್ತದೆ. ಚರಣದ ಒಂದೊಂದು ಸಾಲನ್ನು ಮುಂದಾಳು ಹಾಡುತ್ತಾನೆ, ಜನ ಅದನ್ನೇ ತಿರುಗಿ ಹಾಡುತ್ತಾರೆ, ಚರಣ ಮುಗಿದೊಡನೆ ಎಲ್ಲರೂ ಪಲ್ಲವಿಗೆ ಬಂದು ಸೇರುತ್ತಾರೆ. ಓದು ಬಾರದ ಅಜ್ಜಿಯೂ ಮೊದಲ ಚರಣ ಮುಗಿಯುವಷ್ಟರಲ್ಲಿ ಹಾಡಿನೊಳಗೆ ಇರುತ್ತಾಳೆ. ಪುಸ್ತಕ, ಪ್ರೊಜೆಕ್ಟರು ಯಾವುದೂ ಬೇಡ. ನಮ್ಮ ಹಳ್ಳಿಗಳ ಭಜನೆಯೂ ಹೀಗೆಯೇ ನಡೆಯುತ್ತದೆ. ಇಂಗ್ಲೆಂಡಿನಲ್ಲಿ 1640ರ ದಶಕದಲ್ಲಿ ಓದುಬಾರದ ಸಭೆಗಳಿಗೆ ಬೈಬಲಿನ ಕೀರ್ತನೆಗಳನ್ನು ಸಾಲು ಸಾಲಾಗಿ ಓದಿಕೊಟ್ಟು ಹಾಡಿಸಬೇಕೆಂದು ನಿಯಮ ಮಾಡಬೇಕಾಯಿತು. ನಮ್ಮಲ್ಲಿ ಅಂಥ ನಿಯಮವೇ ಬೇಕಿರಲಿಲ್ಲ, ಹಾಡಿನ ಕಟ್ಟೇ ಆ ಕೆಲಸ ಮಾಡುತ್ತಿತ್ತು.

ಜರ್ಮನ್, ಇಂಗ್ಲಿಷ್ ರಾಗಗಳಿಗೆ ಕನ್ನಡದ ಮಾತು ಕೂರಿಸಿದ ಹಳೆಯ ಗೀತೆಗಳ ತೊಡಕು ಬೇರೆ. ಅವುಗಳಲ್ಲಿ ತಲೆಮಾರುಗಳು ಪ್ರೀತಿಯಿಂದ ಹಾಡಿದ ಗೀತೆಗಳಿವೆ, ಅವು ಉಳಿಯಲೇಬೇಕು. ಆದರೆ ಕನ್ನಡದ ಪದ ನಿಂತಿರುವುದು ಲಘು ಗುರುಗಳ ಮೇಲೆ. ಹ್ರಸ್ವ ಇರುವಲ್ಲಿ ರಾಗ ಎಳೆದರೆ ‘ಬಲ’ ಎಂಬುದು ‘ಬಾಲ’ವಾಗಿ ಕೇಳುತ್ತದೆ, ಹಾಡುವವನು ಪದದೊಡನೆ ಗುದ್ದಾಡಬೇಕಾಗುತ್ತದೆ. ಈಗ ಇಂಗ್ಲಿಷಿನಿಂದ ಅವಸರದಲ್ಲಿ ಅನುವಾದವಾಗಿ ಬರುತ್ತಿರುವ ಹಾಡುಗಳಲ್ಲಿ ಇದೇ ತೊಂದರೆ ಇನ್ನೂ ಹೆಚ್ಚು. ಅದಕ್ಕಿಂತ ದೊಡ್ಡ ತೊಂದರೆ ಶ್ರುತಿಯದು. ಪಳಗಿದ ಗಾಯಕರು ತಮ್ಮ ಕಂಠಕ್ಕೆ ಹೊಂದುವ ಶ್ರುತಿಯಲ್ಲಿ, ತಾರಸ್ಥಾಯಿಯಲ್ಲಿ ಸುತ್ತಾಡುತ್ತ ಧ್ವನಿಮುದ್ರಿಸಿದ್ದನ್ನು ಯೂಟ್ಯೂಬಿನಿಂದ ಕಲಿತು ಅದೇ ಶ್ರುತಿಯಲ್ಲಿ ಹಾಡಿಸಲು ಹೊರಟರೆ ಸಭೆ ಏರಲಾರದು. ಸಾಮಾನ್ಯ ಕಂಠಕ್ಕೆ ಸಲೀಸಾಗಿ ಸಿಗುವುದು ಒಂದು ಸ್ಥಾಯಿ, ಹೆಚ್ಚೆಂದರೆ ಅದರ ಮೇಲೆ ಎರಡು ಸ್ವರ. ಹಾಡು ಅದನ್ನು ದಾಟಿದ ಕೂಡಲೇ ಮೊದಲು ಗಂಡಸರು ಸುಮ್ಮನಾಗುತ್ತಾರೆ, ಆಮೇಲೆ ವಯಸ್ಸಾದವರು. ಅವರಲ್ಲಿ ಭಕ್ತಿ ಕಡಿಮೆಯಾಯಿತೆಂದು ಪ್ರಸಂಗದಲ್ಲಿ ಗದರಿಸುವವರಿದ್ದಾರೆ. ಕಡಿಮೆ ಮಾಡಬೇಕಾಗಿದ್ದದ್ದು ಶ್ರುತಿಯನ್ನು. ಕೀಬೋರ್ಡಿನಲ್ಲಿ ಅದಕ್ಕೊಂದು ಗುಂಡಿಯೇ ಇದೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಲ್ಲ. ಯುವಕರು ಬರುವುದೇ ಹೊಸ ಹಾಡಿಗೆ, ಅದನ್ನು ಕಿತ್ತುಕೊಂಡರೆ ಅವರೂ ಹೋಗುತ್ತಾರೆ ಎನ್ನುತ್ತಾರೆ. ಹೊಸ ಹಾಡು ಖಂಡಿತ ಬೇಕು. ಆದರೆ ವಾರಕ್ಕೆರಡು ಹೊಸ ಹಾಡು ಹೇಳಿಕೊಟ್ಟರೆ ಯುವಕರಿಗೂ ಯಾವುದೂ ಬಾಯಿಗೆ ಬರುವುದಿಲ್ಲ. ಒಂದನ್ನು ಆರಿಸಿ ತಿಂಗಳಿಡೀ ಹಾಡಿಸಿದರೆ ಅದು ಸಭೆಯ ಸೊತ್ತಾಗುತ್ತದೆ. ಕಷ್ಟ ಬಂದಾಗ, ಆಸ್ಪತ್ರೆಯ ಹಾಸಿಗೆಯ ಬಳಿ, ಮಣ್ಣು ಕೊಡುವ ಹೊತ್ತಿನಲ್ಲಿ ನೆನಪಾಗುವುದು ಹಾಗೆ ಬಾಯಿಪಾಠವಾದ ಹಾಡು ಮಾತ್ರ. ಕ್ವಾಯರ್ ಅಭ್ಯಾಸ ಮಾಡಿ ಹಾಡುವ ಹಾಡೂ ಕಾಣಿಕೆಯೇ ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆರಾಧನೆಯಲ್ಲಿ ಅದಕ್ಕೊಂದು ಜಾಗ ಇರಲಿ, ಎಲ್ಲ ಜಾಗವೂ ಅದಕ್ಕೇ ಬೇಡ. ದನಿಯ ಇಂಪು ಮಾತಿನ ಅರ್ಥಕ್ಕಿಂತ ಹೆಚ್ಚಾಗಿ ತನ್ನನ್ನು ಸೆಳೆದಾಗ ತಾನು ತಪ್ಪಿದೆನೆಂದು ಸಂತ ಆಗಸ್ಟಿನ್ ಬರೆದುಕೊಂಡಿದ್ದಾನೆ. ಹಾಗಿದ್ದೂ ಹಾಡನ್ನು ದೇವಾಲಯದಿಂದ ಹೊರಗಿಡಲು ಅವನು ಒಪ್ಪಲಿಲ್ಲ.

ರಾಗ, ತಾಳ, ತಮಟೆ ಬೇರೆ ಧರ್ಮದ ಪೂಜೆಗೆ ಅಂಟಿಕೊಂಡವು ಎಂಬುದು ಇನ್ನೊಂದು ಆಕ್ಷೇಪ. ಯೂರೋಪಿನ ಸಭೆಗಳು ಶುಭ ಶುಕ್ರವಾರ ಕಣ್ಣೀರಿಟ್ಟು ಹಾಡುವ, ಬಾಖ್ ಮತ್ತೆ ಮತ್ತೆ ಬಳಸಿದ ಪ್ರಸಿದ್ಧ ರಾಗ ಮೂಲದಲ್ಲಿ ಸಂಗೀತ ರಚನಕಾರ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯದು. ರಾಗಕ್ಕೆ ಜಾತಿಮತ ಹುಟ್ಟಿನಿಂದ ಬರುವುದಿಲ್ಲ, ಬಳಕೆಯಿಂದ ಬರುತ್ತದೆ, ಬಳಕೆಯಿಂದಲೇ ಬದಲಾಗುತ್ತದೆ. ತಮಟೆಯ ವಿಷಯ ಇನ್ನೂ ಸೂಕ್ಷ್ಮ. ಅದನ್ನು ಬಾರಿಸುವುದು ಬಿಟ್ಟಿ ಚಾಕರಿಯಾಗಿದ್ದ ಮನೆಗಳಿಂದಲೇ ಬಂದ ಕ್ರೈಸ್ತರು ಅದನ್ನು ದೇವಾಲಯದ ಬಾಗಿಲಾಚೆ ಬಿಟ್ಟು ಬರಲು ಬಯಸಿದರೆ ಆ ನೋವನ್ನು ಗೌರವಿಸಬೇಕು. ಮದುರೆಯ ದೈವಜ್ಞಾನ ಕಾಲೇಜಿನ ಥಿಯೋಫಿಲಸ್ ಅಪ್ಪಾವು (1940–2005) ಇನ್ನೊಂದು ದಾರಿ ಹಿಡಿದರು. ತಮಟೆಯಂಥದೇ ಪರೆ ವಾದ್ಯವನ್ನು, ಜನಪದ ಮಟ್ಟುಗಳನ್ನೇ ಆರಾಧನೆಗೆ ತಂದು, ಅವಮಾನದ ಗುರುತಾಗಿದ್ದದ್ದನ್ನು ಸ್ವಾಭಿಮಾನದ ದನಿ ಮಾಡಿದರು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ಮಾತುಕತೆ ನಮ್ಮ ಸಭೆಗಳಲ್ಲೂ ಶುರುವಾಗಲು ಅಡ್ಡಿಯಿಲ್ಲ. ತೀರ್ಮಾನ ಮಾತ್ರ ಆ ಮನೆಗಳವರದೇ ಆಗಬೇಕು, ವೇದಿಕೆಯ ಮೇಲಿನವರದಲ್ಲ.

ಭಾಷೆಯ ಜಗಳ ಕೊನೆಗೆ ಉಳಿಯುತ್ತದೆ. ಕೋಲಾರದ ಕಥೋಲಿಕ ಚರ್ಚುಗಳು ಸೇರಿರುವ ಬೆಂಗಳೂರು ಮಹಾಧರ್ಮಪ್ರಾಂತ್ಯದಲ್ಲಿ ಪೂಜೆಯ ಭಾಷೆಯ ತಕರಾರು ದಶಕಗಳಷ್ಟು ಹಳೆಯದು. ಊರಿನ ಭಾಷೆ ಕನ್ನಡ, ಆರಾಧನೆಯ ಬೆನ್ನೆಲುಬು ಅದೇ ಆಗಿರಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗೆಂದು ತೆಲುಗಿನಲ್ಲಿ ಪ್ರಾರ್ಥನೆ ಕಲಿತ ತಾಯಿಯ ಬಾಯಿ ಕಟ್ಟಬೇಕಾಗಿಲ್ಲ. ಹಳೆಯ ಕೋಲಾರ ಜಿಲ್ಲೆಯವರೇ ಆದ ಕೈವಾರ ತಾತಯ್ಯನವರು ಎರಡೂ ಭಾಷೆಗಳಲ್ಲಿ ತತ್ವಪದ ಹಾಡಿದರು, ಕೇಳಿದ ಜನ ಎರಡನ್ನೂ ತಮ್ಮದೆಂದೇ ಹಾಡಿಕೊಂಡು ಬಂದಿದ್ದಾರೆ. ಪಲ್ಲವಿ ಕನ್ನಡದಲ್ಲಿದ್ದು ಒಂದು ಚರಣ ತೆಲುಗಿನದೋ ತಮಿಳಿನದೋ ಆದರೆ, ನಿನ್ನೆ ತಾನೇ ರೈಲಿಳಿದು ಕಾರ್ಖಾನೆಗೆ ಸೇರಿದ ಹುಡುಗಿಯೂ ಪಲ್ಲವಿ ಕಲಿಯುವ ನೆಪದಲ್ಲಿ ಕನ್ನಡ ಕಲಿಯುತ್ತಾಳೆ.

ಹಾಡು ಎತ್ತಿಕೊಡುವ ಅಕ್ಕ ಅಣ್ಣಂದಿರಲ್ಲಿ ನನ್ನದೊಂದು ಕೋರಿಕೆ. ಬರುವ ಭಾನುವಾರ ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ಆರಿಸಿ, ಶ್ರುತಿಯನ್ನು ಎರಡು ಸ್ವರ ಕೆಳಗಿಳಿಸಿ, ಕಡೆಯ ಚರಣಕ್ಕೆ ವಾದ್ಯಗಳನ್ನೂ ಮೈಕನ್ನೂ ನಿಲ್ಲಿಸಿ. ಜನರ ದನಿ ಎದ್ದು ಬಂದರೆ ಆ ಹಾಡನ್ನು ಇಟ್ಟುಕೊಳ್ಳಿ. ಬಾರದಿದ್ದರೆ ಜನರನ್ನು ಬೈಯಬೇಡಿ, ಆಯ್ಕೆಯನ್ನು ತಿದ್ದಿಕೊಳ್ಳಿ.